ನನ್ನ ರಕ್ತದ ವರದಿ

ಕುಂದಲಹಳ್ಳಿ, ಬೆಂಗಳೂರು
೧೪ ಸೆಪ್ಟೆಂಬರ್ ೨೦೨೫

ಶೀತಲ್‌ಗೆ,

ರೂಢಿಯಂತೆ ‘ಚಿ. ಸೌ.’ ಎಂದು ಬರೆದುಬಿಟ್ಟಿದ್ದೆ. ಆಮೇಲೆ ಆ ಹಾಳೆ ಹರಿದು ಹೊಸದು ತೆಗೆದುಕೊಂಡೆ. ನಿನ್ನ ಅತ್ತೆ ಮಹಾದೇವಿ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಬೇಕೆಂದು ಹೇಳುವ ಬಾಯಿ ನನಗಿಲ್ಲ. ಆದರೆ ಈ ಕಾಗದವನ್ನು ಕೊನೆಯವರೆಗೆ ಓದು. ಇದು ನಿನ್ನ ಮಗುವಿನ ವಿಷಯ.

ಜೂನ್‌ನಲ್ಲಿ ನಿನ್ನ ಮೈದುನ ರೇವಣಸಿದ್ದನಿಗೂ ಕೊರೊನಾ ಬಂತು. ಬೆಳ್ಳಂದೂರಿನ ಅವನ ಆಫೀಸಿನಲ್ಲಿ ಹತ್ತು ಜನಕ್ಕೆ ಬಂದಿತ್ತಂತೆ. ಉಳಿದವರು ನಾಲ್ಕು ದಿನ ಮಲಗಿ ಎದ್ದರು. ಇವನು ಹದಿನೇಳು ದಿನ ವೆಂಟಿಲೇಟರ್ ಮೇಲಿದ್ದ. ಬದುಕಿದ. ಇಪ್ಪತ್ತೆಂಟರ ಗಟ್ಟಿ ಆಳು, ನಾಲ್ಕು ವರ್ಷದ ಹಿಂದೆ ಅಣ್ಣ ಅಮರೇಶನೂ ಇದೇ ರೋಗದಲ್ಲಿ ಹೋದ ಎಂದಾಗ ಡಾಕ್ಟರಮ್ಮನಿಗೆ ಅನುಮಾನ ಬಂತು. ಮೊದಲು ಅವನ ರಕ್ತ, ಆಮೇಲೆ ನನ್ನ ರಕ್ತ ಪರೀಕ್ಷೆಗೆ ಕಳಿಸಿದರು.

ವೈರಸ್ ಒಳಗೆ ಬಂದ ಕೂಡಲೇ ಗುರುತು ಹಿಡಿದು ಮೈಯನ್ನು ಎಚ್ಚರಿಸುವ ಒಂದು ಪ್ರೊಟೀನ್ ಎಲ್ಲರಲ್ಲೂ ಇರುತ್ತದಂತೆ. ರೇವಣಸಿದ್ದನಲ್ಲಿ ಅದು ಹುಟ್ಟಿನಿಂದಲೇ ಕೆಟ್ಟಿದೆ. ಹೆಂಗಸರಲ್ಲಿ ಅದರ ಜೀನ್ ಎರಡು. ಒಂದು ಕೆಟ್ಟರೂ ಇನ್ನೊಂದು ಕಾಯುತ್ತದೆ. ಗಂಡಸರಿಗೆ ಒಂದೇ, ಅದೂ ತಾಯಿ ಕೊಟ್ಟದ್ದು. ಇದೊಂದರಿಂದಲೇ ಸಾವು ಬರುತ್ತದೆ ಎಂದಲ್ಲ, ಅಪಾಯ ಹೆಚ್ಚು ಎಂದರು. “ಇದು ಯಾರ ತಪ್ಪೂ ಅಲ್ಲಮ್ಮ. ನಿಮ್ಮಿಂದ ಬಂದಿದೆ, ಅಷ್ಟೇ,” ಎಂದು ವರದಿಯನ್ನು ನನ್ನ ಕೈಗಿಟ್ಟರು. ಎಷ್ಟು ಸಲೀಸು ಅವರಿಗೆ.

ನಾನು ನಿನಗೆ ಅಂದದ್ದು ನೆನಪಿದೆ. ಅಮರೇಶನ ಕಾರ್ಯ ಮುಗಿದ ಮೂರನೇ ದಿನ. “ಮೆಡಿಕಲ್ ಶಾಪ್‌ನಿಂದ ನೀನೇ ತಂದಿ ಆ ರೋಗಾನ. ನನ್ನ ಮಗನ್ನ ತಿಂದಿ.” ಊರೆಲ್ಲ ಬಾಗಿಲು ಹಾಕಿಕೊಂಡಿದ್ದಾಗ ವೈಟ್‌ಫೀಲ್ಡ್‌ನ ಆ ಅಂಗಡಿಯಲ್ಲಿ ಮಾತ್ರೆ ಕೊಡುತ್ತ ನಿಂತವಳು ನೀನು. ಮೂರು ತಿಂಗಳ ಬಸುರಿ. “ಹೆರಿಗೆ ಆಗೋವರೆಗಾದ್ರೂ ಇರ್ತೀನಿ ಅತ್ತೆ,” ಎಂದೆ. ನಾನೇ ನಿನ್ನ ಬ್ಯಾಗನ್ನು ಲಿಫ್ಟಿನಲ್ಲಿಟ್ಟೆ. ನಿನ್ನ ಮಾವ ಟಿವಿಯ ಮುಂದಿನಿಂದ ಏಳಲಿಲ್ಲ.

ಪರೀಕ್ಷೆ ಮಾಡಿಸಲು ಅಮರೇಶ ಈಗಿಲ್ಲ. ಅವನಿಗೂ ಇದು ಇದ್ದಿದ್ದರೆ ಮಗಳಿಗೆ ಬಂದೇ ಬಂದಿರುತ್ತದೆ. ಅವಳಿಗೆ ಹೆದರಿಕೆ ಕಡಿಮೆ. ಆದರೆ ಮುಂದೆ ಅವಳಿಗೆ ಗಂಡುಮಕ್ಕಳಾದರೆ ಗೊತ್ತಿರಬೇಕು. ವರದಿಯ ಪ್ರತಿ ಇದರ ಜೊತೆಗಿದೆ. ನಿನ್ನ ತವರು ಹರಿಹರದಲ್ಲಿ ಪರೀಕ್ಷೆ ಆಗದಿದ್ದರೆ ಡಾಕ್ಟರ ನಂಬರ್ ಅದರ ಮೇಲೇ ಇದೆ. ಮಗುವಿಗೆ ಸ್ಫೂರ್ತಿ ಎಂದು ಹೆಸರಿಟ್ಟಿದ್ದೀಯೆಂದು ಯಾರೋ ಹೇಳಿದರು. ಅವಳ ಮುಖ ನಾನು ನೋಡಿಲ್ಲ. ಒಂದು ಕುಲಾವಿ ಕಳಿಸಲಿಲ್ಲ. ಅಜ್ಜಿಯಿಂದ ಅವಳಿಗೆ ಸಿಕ್ಕಿರಬಹುದಾದದ್ದು ಇದೊಂದೇ.

ಕ್ಷಮಿಸು ಎಂದು ಬರೆಯುವುದಿಲ್ಲ. ಕೇಳಿದರೆ ನೀನು ಉತ್ತರ ಕೊಡಬೇಕಾಗುತ್ತದೆ. ಆ ಭಾರವೂ ನಿನಗೇಕೆ.

ಇಂತಿ,
ಅಮರೇಶನ ತಾಯಿ
ಮಹಾದೇವಿ

ವಿ.ಸೂ.: ಅಮರೇಶ ಮಲಗಿದ ಆ ವಾರ ಮೊದಲು ಜ್ವರ ಬಂದದ್ದು ನನಗೆ. ಎಲ್ಲರೂ ಬೇಡವೆಂದರೂ ಪೀಣ್ಯದ ನನ್ನ ತಂಗಿಯ ಮನೆಗೆ ಹೋಗಿಬಂದಿದ್ದೆ. ನಿನಗೆ ತಿಳಿದರೆ ಟೆಸ್ಟ್ ಮಾಡಿಸುತ್ತೀಯೆಂದು ತಲೆನೋವು ಎಂದು ಸುಳ್ಳು ಹೇಳಿದೆ. ಅಮರೇಶನಿಗೆ ಮಾತ್ರ ಗೊತ್ತಿತ್ತು. ಎರಡು ದಿನ ಪಕ್ಕದಲ್ಲೇ ಕೂತು ಹಣೆಗೆ ಒದ್ದೆ ಬಟ್ಟೆ ಹಾಕಿದ. ಆಸ್ಪತ್ರೆಗೆ ಹೋಗುವಾಗಲೂ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ರೋಗ ತಂದವಳು ನೀನಲ್ಲವೆಂದು, ನಿನ್ನನ್ನು ಬೈಯುವಾಗಲೇ ನನಗೆ ಗೊತ್ತಿತ್ತು.