ಬಿಳಿ ಗೆರೆಯ ವೈರು

ಮಂಗಳವಾರ, ತಾರೀಖು ಹದಿನಾಲ್ಕು

ಪ್ರೀತಿಯ ಗೂಬೆಗೆ,

ಅಲ್ಲ, ತಪ್ಪು ಆ ಬಿಳಿ ಗೆರೆಯದು ಅಂತ ನಿನ್ನೆ ಬೆಳಿಗ್ಗೆ ಫೋನಿನಲ್ಲಿ ಹೇಳುತ್ತಿದ್ದೆನಲ್ಲ, ಅಷ್ಟರಲ್ಲಿ ಲೈನು ಕಡಿಯಿತು. ಸೆಟ್ಟು ಸುಟ್ಟ ಮೇಲೆ ಬರೆಯಲು ಹನ್ನೊಂದು ದಿನ ತಡಮಾಡಿದ್ದಕ್ಕೆ ಬೈದುಕೋ. ನನಗೆ ಮುಖವಿರಲಿಲ್ಲ.

ದಿನಾ ಸಂಜೆ ಆರಕ್ಕೆ ನಿನ್ನ ಜೊತೆ ಮಾತಾಡುವ ಹ್ಯಾಮ್ ರೇಡಿಯೋ ಸೆಟ್ಟಿನ ಪವರ್ ಸಪ್ಲೈಗೆ ಹೊಸ ವೈರು ಹಾಕಿದೆ. ಎರಡು ಎಳೆಯೂ ಕಪ್ಪು, ಒಂದರ ಮೇಲೆ ಬಿಳಿ ಗೆರೆ. ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದ ಕೈ. ಕೆಪಾಸಿಟರಿನ ಮೈಮೇಲೆ ಗೆರೆ ಕಂಡರೆ ಅದು ಮೈನಸ್ಸು. ಈ ವೈರಿನಲ್ಲಿ ಗೆರೆಯದ್ದೇ ಪ್ಲಸ್ಸಂತೆ. ಗೊತ್ತಿಲ್ಲದವನಾದರೆ ಮೀಟರು ಹಿಡಿದು ನೋಡುತ್ತಿದ್ದ. ನಾನು ಗೊತ್ತಿದ್ದವನು, ಗೆರೆಯದನ್ನು ಮೈನಸ್ಸಿಗೇ ಕೊಟ್ಟೆ. ಎ ಲಿಟಲ್ ನಾಲೆಡ್ಜ್ ಈಸ್ ಎ... ಮುಂದಿನದು ಮರೆತೆ. ನಿನ್ನ ಅತ್ತಿಗೆ ಇದ್ದಿದ್ದರೆ "ಕನ್ನಡಕ ಎಲ್ಲಿ?" ಅಂತಲಾದರೂ ಕೇಳುತ್ತಿದ್ದಳು. ಅವಳು ಹೋದ ಮೇಲೆ ಈ ಮನೆಯಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ.

ಉಲ್ಟಾ ಕೊಟ್ಟರೂ ಸೆಟ್ಟು ಉಳಿಯಲಿ ಅಂತ ನೀನೇ ಡಯೋಡು ಕೂರಿಸಿಕೊಟ್ಟಿದ್ದೆ. ಕರೆಂಟು ತಿರುಗಿ ಬಂದರೆ ಅದು ಫ್ಯೂಸನ್ನು ಸುಟ್ಟುಹಾಕುತ್ತದೆ, ಅಷ್ಟಕ್ಕೇ ಮುಗಿಯಿತು. "ಫ್ಯೂಸು ಇರೋದೇ ಸಾಯೋಕೆ ಕಣೋ, ಅದನ್ನ ಸಾಯೋಕೆ ಬಿಡು" ಅಂದಿದ್ದೆ. ಆಗ ನಿನಗಿನ್ನೂ ಮಾತಿತ್ತು. ಹೋದ ತಿಂಗಳು ಫ್ಯೂಸು ಹೋಯಿತು. ಅಂಗಡಿಗೆ ಹೋಗಲು ಮೈಗಳ್ಳತನ; ತಾಮ್ರದ ತಂತಿ ಸುತ್ತಿದೆ, ಸದ್ಯಕ್ಕೆ ಅಂತ. ತಂತಿ ಜಪ್ಪಯ್ಯ ಅನ್ನಲಿಲ್ಲ. ಡಯೋಡು ಸತ್ತಿತು, ಅದರ ಹಿಂದೆಯೇ ಸೆಟ್ಟು.

ಬಿಡಿಭಾಗ ಬರಲು ಎರಡು ತಿಂಗಳು ಅಂತಾನೆ ಮೆಕ್ಯಾನಿಕ್ಕು. ಅದನ್ನು ನಿನ್ನೆ ಫೋನಿನಲ್ಲಿ ಹೇಳಿದಾಗ ನಿನ್ನ ಮಗಳು, ಲಕ್ವ ಹೊಡೆದು ಬಾಯಿ ಬಿದ್ದುಹೋದ ಮೇಲೆ ಅಪ್ಪ ಮಾತಾಡೋದು ಆ ಮೋರ್ಸ್ ಕೀಲಿಯಲ್ಲಿ, ಅದೂ ನಿಮ್ಮೊಬ್ಬರ ಜೊತೆಗೆ ಅಂದಳು. ಫೋನನ್ನು ನಿನ್ನ ಬೆರಳ ಹತ್ತಿರ ಹಿಡಿದಳು. ನೀನು ಮೇಜು ಕುಟ್ಟಿದೆ. ಕೀಲಿಯಲ್ಲಾದರೆ ಗಿಡ್ಡ ಸದ್ದು, ಉದ್ದ ಸದ್ದು ಸೇರಿ ಅಕ್ಷರ; ಮೇಜು ಕುಟ್ಟಿದರೆ ಗಿಡ್ಡ ಯಾವುದು, ಉದ್ದ ಯಾವುದು? ಎಲ್ಲವೂ ಬರೀ ಟಕ್ ಟಕ್. ನಾನು ಹೂಂ ಹೂಂ ಅಂದೆ. ಒಂದಕ್ಷರವೂ ತಿಳಿದಿರಲಿಲ್ಲ.

ಸೆಟ್ಟು ಸುಟ್ಟದ್ದನ್ನು ಬೆಳಿಗ್ಗೆ ಹೇಳಿದರೆ ಸಂಜೆಗೆ ಮರೆತಿರುತ್ತೀಯಂತೆ. ಅದಕ್ಕೇ ಈ ಕಾಗದ. ಕೀಲಿಯ ಎದುರು ಗೋಡೆಗೆ ಅಂಟಿಸಲು ನಿನ್ನ ಮಗಳಿಗೆ ಹೇಳಿದ್ದೇನೆ. ದಿನಾ ಓದು.

ಬೆಳಕು ಹೋಗುತ್ತಿದೆ, ಸಾಲು ಸೊಟ್ಟಗಾಗುತ್ತಿದೆ. ಊಟ ಬಿಡಬೇಡ. ನೂರು ವರ್ಷ ಬಾಳು, ನನ್ನನ್ನು ಬೈಯಲಿಕ್ಕಾದರೂ.

ನಿನ್ನ
ಕೊಕ್ಕರೆ

ಮರೆತ ಮಾತು: ಕೇಳಲು ಮಾತ್ರ ಬರುವ, ತಿರುಗಿ ಉತ್ತರ ಕೊಡಲಾಗದ ಹಳೇ ರೇಡಿಯೋ ಡಬ್ಬಿಯೊಂದು ನನ್ನ ಹತ್ತಿರ ಉಳಿದಿದೆ. ಆರು ಗಂಟೆಗೆ ಹಚ್ಚುತ್ತೇನೆ. ಹನ್ನೊಂದು ಸಂಜೆಯೂ ನೀನು ಕರೆದದ್ದು ನನಗೆ ಕೇಳಿಸಿದೆ. ನಿನ್ನೆ ಕರೆದು ಕರೆದು, ಕೊನೆಗೆ ಒಂದೊಂದೇ ಅಕ್ಷರವಾಗಿ "ಸಿಟ್ಟಾ?" ಅಂದೆಯಲ್ಲ. ಸಿಟ್ಟಲ್ಲವೋ.