ಆರರ ಗುಡ್ಡಕ್ಕೆ ಕೊಡಲಿ ಇಲ್ಲ

ಜೂನ್ 23, ಬೆಳಗ್ಗೆ 4.40

ಕಾಫಿ ಆಯಿತು. ಕೊಡಲಿ ಮಸೆದದ್ದೂ ಆಯಿತು. ಹೊರಗೆ ಕತ್ತಲು, ಆಗಲೇ ಮೂವತ್ತು ಡಿಗ್ರಿ. ಗಾಳಿ ಮೂಡಣದ್ದು. ಬಾಗಿಲು ತೆಗೆದರೆ ಬ್ರೆಡ್ ಸುಡುವ ಒಲೆಯ ಬಾಯಿ ತೆಗೆದ ಹಾಗೆ.

ಗೌದೆನ್ಸಿಯು ಮಾವನ ಕಥೆ ನೆನಪಾಯಿತು. ಅದನ್ನು ಮೊದಲು ಹೇಳಿದವನು ಅವನೇ, ಎಂಬತ್ತರ ಜುಲೈಯಲ್ಲಿ, ಬಾವಿಕಟ್ಟೆಯ ಮೇಲೆ ಕೂತು. ನನಗಾಗ ಏಳು. ಇಂಥದೇ ಮೂಡುಗಾಳಿಯಲ್ಲಿ ಒಬ್ಬ ಪಾರುಪತ್ಯಗಾರ ಒಂದಿಡೀ ಗುಡ್ಡದ ಕಾರ್ಕ್ ಮರಗಳನ್ನು, ಬಾಟಲಿ ಬಿರಡೆಯ ತೊಗಟೆಗಾಗಿ, ಸುಲಿಸಿದನಂತೆ. ತೊಗಟೆ ಬಿಡಲಿಲ್ಲ. ಎಳೆದರು. ಒಳಗಿನ ತಾಯಿಪೊರೆಯೂ ಜೊತೆಗೇ ಕಿತ್ತು ಬಂತು. ಮೂರನೆಯ ಬೇಸಿಗೆಗೆ ಮರಗಳು ನಿಂತಲ್ಲೇ ಒಣಗಿದವು.

"ಆಮೇಲೆ ಪಾರುಪತ್ಯಗಾರ ಏನಾದ ಮಾವ?" ಅಂತ ಕೇಳಿದ್ದೆ.

"ಅವನಿಗೇನಾಗತ್ತೆ ಮಗಳೇ. ಉಂಡ, ಮಲಗ್ದ. ಗುಡ್ಡ ಬೋಳಾಯ್ತು, ಅಷ್ಟೆ."

ಹೊರಟೆ. ಗುಡ್ಡದಲ್ಲಿ ತಂಡದ ಒಂಬತ್ತು ಜನ ಕಾಯುತ್ತಿರುತ್ತಾರೆ.

ಅದೇ ದಿನ, ಮಧ್ಯಾಹ್ನ 1

ನಲವತ್ತೊಂದು ಡಿಗ್ರಿ. ಕಿಟಕಿಗಳೆಲ್ಲ ಹಾಕಿ ಕೂತಿದ್ದೇನೆ.

ಯಾರೂ ಓದದ ಪುಸ್ತಕವಿದು, ನಿಜ ಬರೆಯುತ್ತೇನೆ. ಇವತ್ತು ಒಂದು ಮರ ಹರಿದೆ. ಹೊಸ ಗುಡ್ಡದ ಮೊದಲ ಮರ ಮೇಸ್ತ್ರಿಯದು, ಅದು ನಮ್ಮಲ್ಲಿ ಪದ್ಧತಿ. ಕೊಡಲಿ ಊರಿ ತಿರುವಿದೆ. ತೊಗಟೆ ಬಿಡುವಾಗ ಒಳಗಿಂದ ಪೊಳ್ಳು ಸದ್ದು ಬರಬೇಕು. ಬಂದದ್ದು ಒಣ ಕುಟ್ಟು. ಅಲ್ಲೇ ನಿಲ್ಲಿಸಬೇಕಿತ್ತು... ಹಿಂದೆ ಅದೆಲಿನು ನಿಂತಿದ್ದ. ತಂಡದಲ್ಲಿ ನನ್ನ ನಂತರದ ಕೈ ಅವನದು. ನಾನು ಮೇಸ್ತ್ರಿಯಾದದ್ದು ಅವನ ಗಂಟಲಲ್ಲಿ ಇನ್ನೂ ಇಳಿದಿಲ್ಲ.

"ಸುಸ್ತಾಯ್ತಾ ಮೇಸ್ತ್ರಿಯಮ್ಮ? ನಾನು ಬರ್ಲಾ?"

ಕೊಡಲಿ ಬೀಸಿ ಹೊಡೆದೆ. ಒಂದು ಗೇಣು ತಾಯಿಪೊರೆ ಕಿತ್ತು ಬಂತು. ಒಳಗೆ ಕೆಂಪಗೆ, ಒದ್ದೆಯಾಗಿ... ಮೂವತ್ತು ವರ್ಷದ ಕೈ ನನ್ನದು. ಮೈ ಅಡ್ಡ ಹಿಡಿದು, ಯಾರೂ ನೋಡದ ಹಾಗೆ ಮಣ್ಣು ಕಲಸಿ ಮೆತ್ತಿದೆ. ಕೆಲಸ ನಿಲ್ಲಿಸಿದೆ. ಗಾಳಿ ಸರಿಯಿಲ್ಲ ಎಂದೆ. ಮರದ ಮಾತು ಎತ್ತಲಿಲ್ಲ.

ಜೂನ್ 24

ನಲವತ್ತಮೂರು. ಎಸ್ಟೇಟಿನ ಧಣಿ ದೊನ ಗ್ರಾಸಿಯೆತ್ ಅವರಿಗೆ ಫೋನ್ ಮಾಡಿದೆ. ಅವರು ಪೋರ್ತು ಕೋವುವಿನಲ್ಲಿ, ಸಮುದ್ರಕ್ಕೆ ಮುಖ ಮಾಡಿದ ಮನೆಯಲ್ಲಿ.

"ಎಂಥ ಸೆಕೆ ದೆಯೊಲಿಂದ? ನಾನಿಲ್ಲಿ ಸ್ವೆಟರ್ ಹಾಕ್ಕೊಂಡು ಕೂತಿದೀನಿ. ಮಂಜು ಬಿದ್ದು ದೋಣಿಗಳೇ ಕಾಣ್ತಿಲ್ಲ."

"ಒಂದಿಷ್ಟು ಮಂಜು ಲಕೋಟೆಗೆ ಹಾಕಿ ಕಳಿಸಿ ಅಮ್ಮಾವ್ರೇ. ಇಲ್ಲಿ ತೊಗಟೆ ಮರಕ್ಕೆ ಅಂಟಿ ಕೂತಿದೆ. ಸುಲಿದ್ರೆ ಮರ ಸಾಯತ್ತೆ."

ನಗಲಿಲ್ಲ.

"ಹದಿನಾರರಲ್ಲಿ ಸುಲಿದ ಗುಡ್ಡ ಅದು. ಮರಮರಕ್ಕೂ ಇಸವಿಯ ಕೊನೇ ಅಂಕಿ 6 ಅಂತ ಬಿಳಿ ಬಣ್ಣದಲ್ಲಿ ಬರ್ದಿದೆ, ನೋಡ್ಕೋ. ಒಂಬತ್ತು ವರ್ಷ ತುಂಬಿದೆ. ಕಾನೂನೇ ಸುಲೀಬಹುದು ಅಂದ್ಮೇಲೆ ಬೇಡ ಅನ್ನೋಕೆ ನೀನ್ಯಾರು?"

"ಕಾನೂನಿಗೆ ಗಾಳಿ ತಾಗಲ್ಲ ಅಮ್ಮಾವ್ರೇ. ಒಂದು ವಾರ ಕೊಡಿ. ಗಾಳಿ ಪಡುವಣಕ್ಕೆ ತಿರುಗಿದ ದಿನ ನಾನೇ ನಿಂತು ಸುಲಿಸ್ತೀನಿ."

"ಲಾರಿ ಶನಿವಾರ ಬರತ್ತೆ. ನಿನ್ನ ಕೈಲಾಗಲ್ಲ ಅಂದ್ರೆ ಬೇರೆ ತಂಡ ಸಿಗತ್ತೆ. ಬೇರೆ ಮೇಸ್ತ್ರಿನೂ."

ಈ ಎಸ್ಟೇಟಿನಲ್ಲಿ ಮೇಸ್ತ್ರಿಯಾದ ಮೊದಲ ಹೆಂಗಸು ನಾನು. ಹನ್ನೊಂದು ವರ್ಷ ಹಿಡಿಯಿತು.

"ಹಾಗಾದ್ರೆ ಹುಡುಕ್ಕೊಳ್ಳಿ," ಅಂದೆ.

ಫೋನ್ ಇಟ್ಟೆ. ಅದೇ ಮಾತನ್ನು ಗೋಡೆಗೆ ಇನ್ನೊಂದು ಸಲ ಹೇಳಿದೆ, ಜೋರಾಗಿ.

ಜೂನ್ 26, ಸಂಜೆ 7

ನಿನ್ನೆ ಬರೆಯಲಿಲ್ಲ. ಬರೆಯಲು ಸೆಕೆಯೊಂದೇ ಇತ್ತು.

ಇವತ್ತು ತಂಡದವರೆಲ್ಲ ನಮ್ಮ ಅಂಗಳಕ್ಕೆ ಬಂದರು. ಟೊಮ್ಯಾಟೊ, ಸೌತೆಕಾಯಿ, ಬ್ರೆಡ್ಡು ಮುರಿದು ಹಾಕಿ, ಐಸ್ ನೀರು ಹೊಯ್ದು ಗಸ್ಪಾಚು ಮಾಡಿದ್ದೆ. ನಾಳೆ ಬೆಳಗ್ಗೆ ಕೊರುಶ್ ಊರಿನ ಎರ್ಮಿನಿಯು ತನ್ನ ತಂಡದ ಜೊತೆ ಬರುತ್ತಾನಂತೆ. ಧಣಿಯೇ ಕರೆಸಿದ್ದು.

"ಸರಿ ಹೋಯ್ತು," ಅಂದ ಅದೆಲಿನು. "ಮರ ಹೇಗೂ ಸುಲಿಸ್ಕೊಳ್ಳತ್ತೆ. ನಾವು ಮಾತ್ರ ಮನೇಲಿ ಕೂತ್ಕೊಂಡು ಗಸ್ಪಾಚು ಕುಡಿಯೋದು."

"ಕುಡೀಬೇಡ ಹಾಗಾದ್ರೆ, ಬಟ್ಟಲು ಇತ್ಲಾಗೆ ಕೊಡು," ಅಂದ ಫಿರ್ಮಿನು. ನನ್ನ ಜೋಡಿ ಕೊಡಲಿಯವನು, ಅರವತ್ತೆಂಟು ವರ್ಷ.

ಮಾವನ ಕಥೆ ಹೇಳಿದೆ. ಬಾವಿಕಟ್ಟೆಯಿಂದ ಬೋಳುಗುಡ್ಡದವರೆಗೆ, ಅವನು ಹೇಳಿದ ಹಾಗೇ. ಮುಗಿದಾಗ ಬಾಯಿ ತಾನಾಗಿ ಮುಂದುವರಿಯಿತು. ಸೋಮವಾರದ ಮರ ಹರಿದದ್ದು ನಾನೇ, ಹಟಕ್ಕೆ, ಎಂದೆ.

ಅದೆಲಿನು ಬಟ್ಟಲು ಕೆಳಗಿಟ್ಟ.

"ಗೊತ್ತು. ಮಣ್ಣು ಮೆತ್ತಿದ್ದು ನೋಡ್ದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಹೇಳ್ತೀಯಾ ಇಲ್ವಾ ನೋಡೋಣ ಅಂತ."

ಒಬ್ಬೊಬ್ಬರೇ ಟೋಪಿ ಇಟ್ಟುಕೊಂಡು ಎದ್ದುಹೋದರು. ನನ್ನ ಜೊತೆ ನಿಲ್ಲುವವರು ಯಾರೋ ಗೊತ್ತಿಲ್ಲ. ಪರವಾಗಿಲ್ಲ. ನಾಳೆ ಕುರ್ಚಿ ತೆಗೆದುಕೊಂಡು ಹೋಗಿ ಗುಡ್ಡದ ದಾರಿಯಲ್ಲಿ ಕೂರುತ್ತೇನೆ. ಎರ್ಮಿನಿಯು ನನ್ನನ್ನು ಕುರ್ಚಿ ಸಮೇತ ಎತ್ತಿಡಬೇಕು. ಎಪ್ಪತ್ತೆಂಟು ಕಿಲೋ.

ಜೂನ್ 27, ಬೆಳಗ್ಗೆ 8, ಗುಡ್ಡದಲ್ಲೇ

ಐದಕ್ಕೆ ಬಂದೆ. ನನಗಿಂತ ಮುಂಚೆ ಒಂಬತ್ತೂ ಜನ ಬಂದಿದ್ದರು. ಕೊಡಲಿ ಯಾರ ಕೈಯಲ್ಲೂ ಇಲ್ಲ. ಬಕೆಟ್ಟುಗಳಲ್ಲಿ ಸುಣ್ಣ, ಕೋಲಿಗೆ ಕಟ್ಟಿದ ಕುಂಚ. ಅದೆಲಿನುವಿನ ಹುಬ್ಬಿನವರೆಗೂ ಸುಣ್ಣ.

ಮರಮರಕ್ಕೂ 6 ಇದ್ದದ್ದು 8 ಆಗಿತ್ತು. ಬಾಲಕ್ಕೆ ಒಂದೇ ಗೀಟು. ಹದಿನೆಂಟರಲ್ಲಿ ಸುಲಿದ ಮರ, ಇಪ್ಪತ್ತೇಳಕ್ಕೆ ಮೊದಲು ಮುಟ್ಟುವಂತಿಲ್ಲ.

"ಸುಳ್ಳು ಬರ್ದಿದೀರಲ್ಲೋ," ಅಂದೆ.

"ಸುಣ್ಣ ಕಣಮ್ಮ," ಅಂದ ಫಿರ್ಮಿನು. "ಗಾಳಿ ತಿರುಗಿದ ದಿನ ಒದ್ದೆ ಬಟ್ಟೇಲಿ ಒರೆಸಿದ್ರೆ ಸುಳ್ಳೂ ಹೋಗತ್ತೆ."

"ಕುರ್ಚಿ ಯಾಕೆ ತಂದೆ?" ಅಂದ ಅದೆಲಿನು. "ಎರಡು ವರ್ಷ ಇಲ್ಲೇ ಕೂತು ಕಾಯ್ತೀಯಾ?"

ಆರೂವರೆಗೆ ಎರ್ಮಿನಿಯು ಬಂದ, ಎಂಟು ಕೊಡಲಿಗಳ ಜೊತೆ. ಮೊದಲ ಮರದ ಅಂಕಿ ಮುಟ್ಟಿದ. ಬೆರಳಿಗೆ ಸುಣ್ಣ ಹತ್ತಿತು. ಬೆರಳನ್ನು ನೋಡಿದ, ಪ್ಯಾಂಟಿಗೆ ಒರೆಸಿಕೊಂಡ. ಮೂಡಣಕ್ಕೆ ಮುಖ ಎತ್ತಿ ಗಾಳಿ ಮೂಸಿದ. ಫೋನ್ ತೆಗೆದ.

"ಅಮ್ಮಾವ್ರೇ, ಇದು ಎಂಟರ ಗುಡ್ಡ. ಒಂಬತ್ತು ತುಂಬದ ಮರಕ್ಕೆ ಕೊಡಲಿ ಹಾಕಿದ್ರೆ ನನಗೂ ದಂಡ, ನಿಮಗೂ ದಂಡ."

ಧಣಿಯ ದನಿ ನನಗೂ ಕೇಳಿತು, "ದೆಯೊಲಿಂದಗೆ ಕೊಡು."

ಕೊಟ್ಟ. ಹದಿನೆಂಟು ಜನ ನನ್ನ ಬಾಯಿ ನೋಡುತ್ತಿದ್ದರು.

"ಅಲ್ಲಿ ಯಾವ ಅಂಕಿ ಇದೆ?"

"ಎಂಟು," ಅಂದೆ. "ಬಂದು ನೋಡಿ ಅಮ್ಮಾವ್ರೇ. ಮಧ್ಯಾಹ್ನ ಮೂರಕ್ಕೆ ಬನ್ನಿ, ಬೆಳಕು ಚೆನ್ನಾಗಿರತ್ತೆ."

ಇಟ್ಟುಬಿಟ್ಟರು. ಬರಬಹುದು. ಮುಂದಿನ ವರ್ಷ ನಾನು ಮೇಸ್ತ್ರಿ ಅಲ್ಲದಿರಬಹುದು. ಮರ ಇರುತ್ತದೆ.

ಕೊರುಶ್‌ನವರು ಕೊಡಲಿಗಳನ್ನು ಗಾಡಿಗೆ ಹಾಕಿ, ನಮ್ಮವರ ಜೊತೆ ನೆರಳಿಗೆ ಕೂತು ಬ್ರೆಡ್ಡಿನ ಗಂಟು ಬಿಚ್ಚಿದ್ದಾರೆ. ಫಿರ್ಮಿನು ಮೇಲಿನ ಸಾಲಿನಿಂದ ಕೂಗುತ್ತಿದ್ದಾನೆ. ಒಂದು ಮರ ಬಿಟ್ಟುಹೋಗಿದೆಯಂತೆ, ಇನ್ನೂ 6. ತಡೀರಿ, ಕುಂಚ ಇತ್ತ ಕೊಡಿ, ಇದಕ್ಕೆ ನಾನೇ —