ನಾಲ್ಕು ಹತ್ತರ ತೂಕ

ವೇಬ್ರಿಡ್ಜ್ ಕೋಣೆ,
ಸೋಮವಾರ, ಬೆಳಗ್ಗೆ ಹನ್ನೊಂದು

ಮುನಿಸಿನಲ್ಲಿ ನನ್ನನ್ನೂ ಮೀರಿಸಿದ ಮಗಳಿಗೆ,

ಅಮ್ಮನ ಆಶೀರ್ವಾದಗಳು. ಬೇಡವೆಂದರೆ ಬಾಗಿಲ ಹೊರಗೇ ಬಿಡು, ಅವು ಕಾಯುತ್ತವೆ.

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಎರಡೇ ಸಾಲು. ಈ ವಿಶ್ವಕ್ಕೆ ಗುರಿಯಿಲ್ಲ, ನಾವು ಇದ್ದರೂ ಒಂದೇ ಹೋದರೂ ಒಂದೇ, ಇನ್ನು ಬರೆಯಬೇಡ ಅಂತ. ಹನ್ನೆರಡು ವರ್ಷ ತಾರಾಲಯದ ಕತ್ತಲಲ್ಲಿ ನಿಂತು ಸ್ಕೂಲು ಮಕ್ಕಳಿಗೆ ನಕ್ಷತ್ರ ತೋರಿಸಿದವಳು ನೀನು, ನೀನೇ ಹೇಳಿದ ಮೇಲೆ ಇದ್ದರೂ ಇದ್ದೀತು. ನಾನು ಕಂಡ ವಿಶ್ವ ಹದಿನೈದು ಮೀಟರ್ ಉದ್ದ, ಮೂರು ಮೀಟರ್ ಅಗಲದ ಕಬ್ಬಿಣದ ಹಾಸು. ಲಾರಿ ಹತ್ತುತ್ತದೆ, ಒಳಗೆ ಡಬ್ಬಿಯಲ್ಲಿ ತೂಕದ ಕೆಂಪು ಅಂಕಿ ಮೂಡುತ್ತದೆ, ಚೀಟಿ ಹರಿದುಕೊಡುತ್ತೇನೆ, ಲಾರಿ ಇಳಿಯುತ್ತದೆ. ವಿಶ್ವಕ್ಕೆ ನಮ್ಮ ಗೊಡವೆ ಇಲ್ಲವೆಂದರೆ ಇಲ್ಲ ಬಿಡು. ನಿನ್ನಪ್ಪನ ಕಡೆಯವರಿಗೂ ನನ್ನ ಗೊಡವೆ ಇರಲಿಲ್ಲ. ನಾನು ಬಾಳಲಿಲ್ಲವೇ?

ವಾದಕ್ಕೆ ಕೂತಿಲ್ಲ. ಇಲ್ಲೊಂದು ವಿಚಿತ್ರ ನಡೆಯುತ್ತಿದೆ, ಅದನ್ನು ಹೇಳದಿದ್ದರೆ ನನಗೆ ಹೊಟ್ಟೆ ಉಬ್ಬರ.

ಐದು ತಿಂಗಳ ಹಿಂದಿನ ಮಾತು. ಮಧ್ಯಾಹ್ನದ ಲಾರಿಗಳೆಲ್ಲ ಹೋಗಿ ರಸ್ತೆ ಖಾಲಿಯಾಗಿತ್ತು. ಹಾಸಿನ ಮೇಲೆ ನಮ್ಮ ನಾಯಿ ಒಬ್ಬನೇ ಮಲಗಿದ್ದ. ಅವನ ಹೆಸರು ಗೊತ್ತಲ್ಲ, ಇನ್‌ಸ್ಪೆಕ್ಟರ್, ಬಿಸಿ ಕಬ್ಬಿಣವೇ ಅವನ ಹಾಸಿಗೆ. ನಮ್ಮ ಯಂತ್ರ ಹತ್ತು ಹತ್ತು ಕಿಲೋ ಲೆಕ್ಕದಲ್ಲೇ ಮಾತಾಡುವುದು, ಅವನನ್ನು ಅದು ಹತ್ತು ಅನ್ನುತ್ತದೆ. ಇದ್ದಕ್ಕಿದ್ದಂತೆ ಅವನು ಎದ್ದ. ಯಾರಿಗೋ ದಾರಿ ಬಿಡುವವನ ಹಾಗೆ ಪಕ್ಕಕ್ಕೆ ಸರಿದು ಹಾಸಿನಿಂದ ಕೆಳಗಿಳಿದ. ಬಾಲ ಆಡಿಸುತ್ತಾ ನಿಂತ. ಡಬ್ಬಿ ನೋಡಿದರೆ ಅರವತ್ತು.

ಖಾಲಿ ಹಾಸು ಮಗಳೇ. ಮೇಲೆ ಒಂದು ತರಗೆಲೆ ಕೂಡ ಇಲ್ಲ. ಗಡಿಯಾರ ನೋಡಿದೆ, ನಾಲ್ಕು ಹತ್ತು. ಎರಡು ನಿಮಿಷ ಅರವತ್ತು ಹಾಗೇ ಉರಿಯಿತು, ಆಮೇಲೆ ಸೊನ್ನೆ. ನಾಯಿ ವಾಪಸ್ ಹೋಗಿ ಮಲಗಿದ.

ಮರುದಿನವೂ ಅದೇ ಹೊತ್ತಿಗೆ ಅದೇ ಅರವತ್ತು. ಮೂರನೇ ದಿನವೂ.

ಮೆಕ್ಯಾನಿಕ್‌ನನ್ನು ಕರೆಸಿದೆ. ಹಾಸಿನ ಕೆಳಗೆ ತೆವಳಿ, ಮೈಯೆಲ್ಲ ಗ್ರೀಸು ಮಾಡಿಕೊಂಡು ಬಂದ. ಬಿಸಿಲಿಗೆ ಕಬ್ಬಿಣ ಹಿಗ್ಗುತ್ತೆ ಅಮ್ಮಾ, ಅದಕ್ಕೆ ಹೀಗೆ ಅಂದ. ಮೋಡ ಕವಿದ ದಿನ ಯಾಕಪ್ಪಾ ಹಿಗ್ಗುತ್ತೆ ಅಂದೆ. ತಲೆ ಕೆರೆದುಕೊಂಡ. ಪರೀಕ್ಷೆಯ ತೂಕದ ಕಲ್ಲುಗಳನ್ನಿಟ್ಟು ತೂಗಿದ, ಎಲ್ಲ ಸರಿಯಿತ್ತು. ನಾಲ್ಕು ಹತ್ತರವರೆಗೂ ಕೂರಿಸಿಕೊಂಡೆ. ಅಂಕಿ ಮೂಡಿದ್ದೇ ಅವನು ಸ್ಪ್ಯಾನರ್ ಜೋಡಿಸಿಕೊಂಡು ಹೊರಟ. ಬಾಗಿಲಲ್ಲಿ ತಿರುಗಿ, ಯಂತ್ರದಲ್ಲಿ ದೋಷ ಇಲ್ಲ ಅಮ್ಮಾ, ಅದು ತೂಗ್ತಾ ಇದೆ ಅಷ್ಟೇ ಅಂದ.

ನಿನಗೇನು ಅನ್ನಿಸುತ್ತಿದೆಯೋ ಗೊತ್ತು. ಅಪ್ಪ ಅಂತ ತಾನೇ? ಪಕ್ಕದ ಪಂಕ್ಚರ್ ಅಂಗಡಿಯವನೂ ಕಣ್ಣಲ್ಲಿ ನೀರು ತಂದುಕೊಂಡು ಅದನ್ನೇ ಅಂದ. ಅಣ್ಣಾ, ಅವರು ಎಂಬತ್ತೆರಡು ಕಿಲೋ, ಬದುಕಿದ್ದಾಗ ಡಾಕ್ಟರ್ ಹೇಳಿದರೂ ಒಂದು ಕಿಲೋ ಇಳಿಸದವರು ಸತ್ತ ಮೇಲೆ ಇಪ್ಪತ್ತು ಇಳಿಸುತ್ತಾರಾ ಅಂದೆ. ಅವನಿಗೆ ನಗು ತಡೆಯಲಾಗಲಿಲ್ಲ. ನನಗೂ ಬಂತು. ನಿನ್ನಪ್ಪ ಹೋದ ಮೇಲೆ ನಾನು ನಕ್ಕಿದ್ದು ಅದೇ ಮೊದಲು. ಕಾಂಪೌಂಡ್ ಗೋಡೆಯ ಜಗಳದಲ್ಲಿ ಪಂಕ್ಚರ್ ಅಂಗಡಿಯ ಆ ಮನುಷ್ಯ ಆರು ವರ್ಷ ನನ್ನ ಹತ್ತಿರ ಮಾತು ಬಿಟ್ಟಿದ್ದ ಅನ್ನುವುದು ನಿನಗೆ ನೆನಪಿರಬೇಕು. ಮರುದಿನ ತನ್ನ ಬೆಂಚು ತಾನೇ ಹೊತ್ತು ತಂದು ಹಾಸಿನ ಪಕ್ಕ ಹಾಕಿದ.

ಹಾಗೆ ಶುರುವಾಯಿತು. ಈಗ ನಾಲ್ಕು ಗಂಟೆಯಾದರೆ ಏಳೆಂಟು ಜನ ಸೇರುತ್ತಾರೆ. ಇಬ್ಬರು ಡ್ರೈವರ್‌ಗಳು ದಾರಿ ಸುತ್ತಾದರೂ ಆ ಹೊತ್ತಿಗೆ ಸರಿಯಾಗಿ ಬರುತ್ತಾರೆ. ನಾನು ಚಹಾ ಕಾಯಿಸುತ್ತೇನೆ. ಇವತ್ತು ಎಷ್ಟು ಅಂತ ಪಂದ್ಯ. ಸೋತವರು ಲೋಟ ತೊಳೆಯಬೇಕು. ನಾಲ್ಕು ಒಂಬತ್ತಕ್ಕೆ ಎಲ್ಲ ಬಾಯಿ ಮುಚ್ಚುತ್ತವೆ. ನಾಯಿ ಏಳುತ್ತಾನೆ. ಹಾಸಿನ ಆ ಖಾಲಿಯನ್ನು ಎಲ್ಲರೂ ಕಣ್ಣು ಮಿಟುಕಿಸದೆ ನೋಡುತ್ತಾರೆ. ಅಂಕಿ ಬಂತೋ, ಹೋ ಅಂತ ಕೂಗು! ಅದು ಯಾರು, ಏನು, ಯಾಕೆ, ಒಬ್ಬರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಒಂದು ಲೋಟ ಹೆಚ್ಚಿಗೆ ಚಹಾ ಬಗ್ಗಿಸಿ ಹಾಸಿನ ಅಂಚಿನಲ್ಲಿಡುತ್ತೇನೆ. ಅದನ್ನು ಯಾರೂ ಕುಡಿಯುವುದಿಲ್ಲ, ಯಾರೂ ಚೆಲ್ಲುವುದೂ ಇಲ್ಲ. ಆರಿದ ಮೇಲೆ ಬಾಗಿಲ ಬಳಿಯ ಗಿಡಕ್ಕೆ ಹಾಕುತ್ತೇನೆ. ಆ ಗಿಡವಂತೂ ದಿನಾ ಯಾರೋ ಹೊಗಳುತ್ತಿರುವ ಹಾಗೆ ಬೆಳೆದಿದೆ.

ಗುರಿ ಇಲ್ಲ ಅಂತೀಯಲ್ಲ, ಇದಕ್ಕೇನು ಗುರಿ ಹೇಳು? ಆದರೂ ಬೆಳಗ್ಗೆ ಏಳುವಾಗ ನನ್ನ ಕಾಲು ತಾನಾಗಿ ಚಪ್ಪಲಿ ಹುಡುಕುತ್ತದೆ. ಏಳು ತಿಂಗಳ ಹಿಂದೆ ಹಾಗಿರಲಿಲ್ಲ.

ಅದನ್ನೂ ಹೇಳಿಬಿಡುತ್ತೇನೆ. ನಿನ್ನಪ್ಪ ಹೋದ ಮೂರನೇ ದಿನ ನಾನು ವೇಬ್ರಿಡ್ಜ್ ತೆರೆದೆ. ನೀನು, ನಿನಗೆ ಅಪ್ಪನೂ ಒಂದು ಲಾರಿ ಅಮ್ಮಾ, ತೂಗಿ ಕಳಿಸಿಬಿಟ್ಟೆ ಅಂತ ಹೇಳಿ ಬಸ್ಸು ಹತ್ತಿದೆ. ನಾಲಿಗೆ ಚುರುಕಿರುವವರಿಗೆ ಅಂಥ ಹೊತ್ತಿನಲ್ಲೇ ಅದು ಕೈಕೊಡುತ್ತದೆ. ನಿಜ ಏನೆಂದರೆ ಆ ಎರಡು ದಿನ ನಾನು ಅವರ ಕುರ್ಚಿಯ ಎದುರು ಕೂತು ಸೊನ್ನೆ ನೋಡುತ್ತಿದ್ದೆ. ಇನ್ನೊಂದು ದಿನ ನೋಡಿದ್ದರೆ ನಾನೂ ಎದ್ದೇಳುತ್ತಿರಲಿಲ್ಲ. ನಲವತ್ತು ಟನ್ನಿನ ಲಾರಿಯೊಂದು ಹಾಸಿನ ಮೇಲೆ ಬಂದು ನೆಲ ನಡುಗಿಸಿದಾಗ ನನಗೆ ಮೊದಲ ಸಲ ಅಳು ಬಂತು. ಡ್ರೈವರ್ ಪಾಪ, ತೂಕ ಜಾಸ್ತಿಯಾಯ್ತಾ ಅಮ್ಮಾ ಅಂದ.

ಇನ್ನೊಂದು ವಿಷಯ. ಅರವತ್ತು ಈಗ ಅರವತ್ತಾಗಿ ಉಳಿದಿಲ್ಲ. ಎರಡು ತಿಂಗಳ ಹಿಂದೆ ಐವತ್ತಾಯಿತು. ಪಂಕ್ಚರ್ ಅಂಗಡಿಯವನು ಸಾಲಾಗಿ ಮೂರು ದಿನ ಲೋಟ ತೊಳೆದ. ಕಳೆದ ವಾರದಿಂದ ನಲವತ್ತು. ಯಾಕೆ ಇಳಿಯುತ್ತಿದೆ ಅಂತ ಎಲ್ಲರೂ ಕೇಳುತ್ತಾರೆ. ನನಗೆ ಗೊತ್ತಿಲ್ಲ ಅಂದಿದ್ದೇನೆ. ನಾಲ್ಕು ಹತ್ತೇ ಯಾಕೆ ಅಂತಲೂ ಕೇಳುತ್ತಾರೆ. ಅದೂ ಗೊತ್ತಿಲ್ಲ ಅಂದಿದ್ದೇನೆ.

ನೀನೊಮ್ಮೆ ಬಂದು ನೋಡಿ ಹೋಗು. ವಿಜ್ಞಾನ ಓದಿದವಳು, ಕಾರಣ ನಿನಗೆ ಹೊಳೆದೀತು. ಹೊಳೆಯದಿದ್ದರೆ ಲೋಟ ತೊಳೆ. ಬೆಂಚಿನಲ್ಲಿ ಜಾಗ ಇದೆ, ನಾನು ಯಾರನ್ನೂ ಕೂರಲು ಬಿಟ್ಟಿಲ್ಲ.

ಲಾರಿ ತೂಗುವಾಗ ಎಂದೂ ಸುಳ್ಳು ಹೇಳದ, ಮಗಳ ಹತ್ತಿರ ಆಗಾಗ ಹೇಳಿದ,
ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಈಗ ಮಂಗಳವಾರ ಬೆಳಗ್ಗೆ ಏಳು ಗಂಟೆ. ನಿನ್ನ ಮನೆಯ ಮೆಟ್ಟಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ನಾಲ್ಕು ಹತ್ತು ನೀನು ಸ್ಕೂಲಿನಿಂದ ಬರುತ್ತಿದ್ದ ಹೊತ್ತು. ಬ್ಯಾಗು ಎಸೆದು ಹಾಸಿನ ಮೇಲೆ ಹಾರಿ ನಿಲ್ಲುತ್ತಿದ್ದೆ. ಅಪ್ಪ ಒಳಗಿನಿಂದ ಅಂಕಿ ಕೂಗಿ ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದರು. ಇಪ್ಪತ್ತು, ಮೂವತ್ತು, ನಲವತ್ತು. ಗೋಡೆಗೆ ಸುಣ್ಣ ಹೊಡೆಸುವಾಗಲೂ ಅಷ್ಟು ಜಾಗ ಬಿಡಿಸಿದ್ದೇನೆ. ಮೊದಲ ದಿನವೇ ನನಗೆ ನೆನಪಾಗಿತ್ತು. ಆ ಅರವತ್ತು ನಿನ್ನದೆಂದೂ ಗೊತ್ತಿತ್ತು. ಗೊತ್ತಿದೆ ಅಂದರೆ ನಿಜವಾಗಿಬಿಡುತ್ತದೆ ಅಂತ ಸುಮ್ಮನಿದ್ದೆ.

ನಿನ್ನ ಮನೆಯ ಓನರಮ್ಮ ನನಗೆ ಬರೆಯುತ್ತಿದ್ದರು. ಬೈಯಬೇಡ, ನಾನೇ ಕೇಳಿಕೊಂಡಿದ್ದೆ. ಊಟ ಬಿಟ್ಟಿದ್ದಾಳೆ, ಹೋದ ವಾರ ಒತ್ತಾಯ ಮಾಡಿ ಡಾಕ್ಟರ್ ಹತ್ತಿರ ಕರೆದೊಯ್ದೆ, ನಲವತ್ತು ಕಿಲೋ ಬಂತು ಅಂತ ಶನಿವಾರದ ಕಾಗದದಲ್ಲಿತ್ತು.

ನಿನ್ನೆ ಈ ಕಾಗದ ಮಡಚಿಟ್ಟು ಚಹಾಕ್ಕೆ ನೀರಿಟ್ಟೆ. ನಾಲ್ಕು ಹತ್ತಾಯಿತು. ನಾಯಿ ಏಳಲಿಲ್ಲ. ರಸ್ತೆಯ ಕಡೆ ಮುಖ ಮಾಡಿ ಮಲಗೇ ಇದ್ದ. ಡಬ್ಬಿಯಲ್ಲಿ ಅವನ ಹತ್ತು ಮಾತ್ರ. ಪಂಕ್ಚರ್ ಅಂಗಡಿಯವನು ಅವನನ್ನು ಎತ್ತಿ ಕೆಳಗಿಳಿಸಿದ. ಸೊನ್ನೆ. ನಾಲ್ಕೂ ಕಾಲು, ಸೊನ್ನೆ. ಯಾರೂ ಕೂಗಲಿಲ್ಲ. ಅಕ್ಕಾ, ಯಂತ್ರ ಸರಿಹೋಯ್ತು ಬಿಡಿ ಅಂದ ಅವನು, ಮುಖ ಬೇರೆ ಕಡೆ ತಿರುಗಿಸಿ.

ನಿನ್ನಪ್ಪ ಸತ್ತಾಗ ಎರಡು ದಿನಕ್ಕಿಂತ ಹೆಚ್ಚು ವೇಬ್ರಿಡ್ಜ್ ಮುಚ್ಚದವಳು, ನಿನ್ನೆ ಅವನ ಕೈಗೆ ಕೀಲಿ ಕೊಟ್ಟು, ಎಂದು ಬರುತ್ತೇನೆಂದು ಹೇಳದೆ ಬಸ್ಸು ಹತ್ತಿದೆ.

ಬಾಗಿಲು ಎರಡು ಸಲ ಬಡಿದೆ. ಓನರಮ್ಮ ಇನ್ನೊಂದು ಕೀಲಿ ಹುಡುಕಲು ಕೆಳಗೆ ಓಡಿದ್ದಾರೆ. ಅವರು ಬರುವವರೆಗೆ ಸುಮ್ಮನೆ ಕೂರಲು ನನ್ನಿಂದಾಗದು. ಈ ಹಾಳೆಗಳನ್ನು ಬಾಗಿಲ ಸಂದಿಯಿಂದ ಒಳಗೆ ತಳ್ಳುತ್ತಿದ್ದೇನೆ. ಪೂರ್ತಿ ಬಿಡುವುದಿಲ್ಲ, ಒಂದು ತುದಿ ನನ್ನ ಬೆರಳಲ್ಲೇ ಇರುತ್ತದೆ. ಆ ಕಡೆಯಿಂದ ಎಳೆ ಕಂದಾ. ಎದ್ದು ನಿಲ್ಲಬೇಡ, ಮಾತಾಡಬೇಡ, ಸುಮ್ಮನೆ ಎಳೆ. ಎಷ್ಟು ಹಗುರಾಗಿ ಎಳೆದರೂ ನನಗೆ ಗೊತ್ತಾಗುತ್ತದೆ.